ಟ್ರಸ್ಟಿನವರು ನೋಡಲು ಬಂದ ಶನಿವಾರ

ನಾನು ಜಗಳಗಂಟಿ ಅಂತ ನಮ್ಮ ಸ್ಕೂಲಿನಲ್ಲಿ ಹೆಸರಿದೆ. ಲೈಬ್ರರಿ ನೋಡಿಕೊಳ್ಳುವವಳು ಮೆತ್ತಗೆ ಮಾತಾಡಬೇಕು ಅಂತ ಯಾವ ಕಾನೂನಿದೆಯೋ ನನಗಂತೂ ಗೊತ್ತಿಲ್ಲ. ಪುಸ್ತಕದ ಹಾಳೆ ಮಡಚಿದವರಿಗೆ ಚಳಿ ಬಿಡಿಸಿದ್ದೇನೆ, ಒಂದು ಫ್ಯಾನಿಗೋಸ್ಕರ ಹೆಡ್ಮಾಸ್ಟರ ಜೊತೆ ವರ್ಷಗಟ್ಟಲೆ ಜಟಾಪಟಿ ಮಾಡಿದ್ದೇನೆ. ಫ್ಯಾನು ಬಂತು ಕೂಡ. ಆದ್ದರಿಂದ ನಾನು ಒಂದು ಶನಿವಾರ ಇಡೀ ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಕೂತಿದ್ದೆ ಅಂದರೆ ನನ್ನ ಗಂಡನೇ ನಂಬಲಿಲ್ಲ.

ಪ್ರತಿ ಶನಿವಾರ ಸ್ಕೂಲು ಬಿಟ್ಟ ಮೇಲೆ ಅದೇ ಲೈಬ್ರರಿಯಲ್ಲಿ ನಾನೂ ಗಣಿತದ ಮೇಷ್ಟ್ರೂ ಸೇರಿ ಒಂದು ಕಾರ್ಯಾಗಾರ ನಡೆಸುತ್ತಿದ್ದೆವು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದ ಹೈಸ್ಕೂಲು ಮಕ್ಕಳಿಗೆ ಮಾತ್ರ. ಪಾಠ ಹೇಳಿಕೊಡುವುದಕ್ಕಲ್ಲ, ಪಾಠ ಅವರಿಗೆ ಚೆನ್ನಾಗೇ ಬರುತ್ತದೆ. ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ, ವಿದ್ಯಾರ್ಥಿವೇತನ ಎಲ್ಲೆಲ್ಲಿ ಸಿಗುತ್ತದೆ, ಹಾಸ್ಟೆಲಿನಲ್ಲಿ ಜಾಗ ಕೇಳುವುದು ಯಾರ ಹತ್ತಿರ, ತನ್ನ ಬಗ್ಗೆ ತಾನೇ ಒಂದು ಪುಟ ಬರೆಯುವುದು ಹೇಗೆ, ಇಂಥವು. ಉಳಿದವರ ಮನೆಯಲ್ಲಿ ಇದನ್ನೆಲ್ಲ ಅಣ್ಣನೋ ಚಿಕ್ಕಪ್ಪನೋ ಊಟ ಮಾಡುತ್ತಾ ಹೇಳಿಕೊಟ್ಟುಬಿಡುತ್ತಾರೆ. ಈ ಮಕ್ಕಳಿಗೆ ಹೇಳುವವರಿಲ್ಲ, ಅಷ್ಟೇ.

ಕಿಟಕಿ ಹತ್ತಿರ ಒಂದು ಮೇಜು ಅಡ್ಡ ಹಾಕಿ ಅದನ್ನು ಕಾಲೇಜು ಆಫೀಸಿನ ಕೌಂಟರ್ ಅಂತ ಮಾಡಿಕೊಂಡಿದ್ದೆವು. ಹಿಂದೆ ಗುಮಾಸ್ತನಾಗಿ ಮೇಷ್ಟ್ರು. ಬೇರೆ ಹೊತ್ತಿನಲ್ಲಿ ಒಂದು ಇರುವೆಗೂ ನೋವು ಮಾಡದ ಮನುಷ್ಯ. ಆ ಕುರ್ಚಿಯಲ್ಲಿ ಕೂತರೆ ಮಾತ್ರ ಮುಖ ಗಂಟು ಹಾಕಿಕೊಂಡು, "ಇವತ್ತಾಗಲ್ಲ, ನಾಳೆ ಬಾ" ಅಂತ ಗದರುವುದೇನು, ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ನೋಡುವುದೇನು! "ಯಾಕಾಗಲ್ಲ ಸರ್? ಏನು ಕಮ್ಮಿ ಇದೆ ಹೇಳಿ, ಈಗಲೇ ಕೊಡ್ತೀನಿ" ಅಂತ ಮಕ್ಕಳು ಎದುರು ನಿಂತು ಕೇಳುವವರೆಗೂ ಬಿಡುತ್ತಿರಲಿಲ್ಲ. ಮೊದಮೊದಲು ಹುಡುಗರು ತಲೆ ತಗ್ಗಿಸಿ ವಾಪಸ್ ಬಂದುಬಿಡುತ್ತಿದ್ದರು. ವರ್ಷದ ಕೊನೆಗೆ ಮೇಷ್ಟ್ರೇ ಉತ್ತರ ಕೊಡಲು ತಡಕಾಡುವ ಹಾಗಾಗುತ್ತಿತ್ತು.

ಇನ್ನೊಂದು ಪದ್ಧತಿ ನಮ್ಮದು. ಆಗಾಗ, ಮುಂಚೆ ಹೇಳದೆ ಕೇಳದೆ, ಮಕ್ಕಳು ಕಂಡರಿಯದ ಒಬ್ಬರನ್ನು ಕರೆತಂದು ಕೂರಿಸುತ್ತಿದ್ದೆವು. ಒಂದು ಸಲ ಬ್ಯಾಂಕಿನವರು, ಒಂದು ಸಲ ನನ್ನ ನಾದಿನಿ, ಒಂದು ಸಲ ಕನ್ನಡಕದ ಅಂಗಡಿಯವರು. ಅವರು ಬಂದರೆಂದರೆ ಅವತ್ತು ಸಂದರ್ಶನ. ಹೊಸ ಮುಖ ಬಾಗಿಲಲ್ಲಿ ಕಂಡ ಕೂಡಲೇ ಮಕ್ಕಳು ನೆಟ್ಟಗಾಗಬೇಕು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. "ಇಲ್ಲದ್ದರ ಪಟ್ಟಿ ಯಾರಿಗೂ ಕೊಡ್ಬೇಡಿ, ಮಾಡಿದ್ದನ್ನ ಹೇಳಿ" ಅಂತ ನಾನು ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಅದಕ್ಕೇ ಅಂತ ಹಿಂದುಗಡೆ ಒಂದು ಕಬ್ಬಿಣದ ಬೀರುವಿನಲ್ಲಿ ಒಳ್ಳೆಯ ಬಟ್ಟೆ ಇಟ್ಟಿದ್ದೆವು: ಬಿಳಿ ಅಂಗಿಗಳು, ಮೂರ್ನಾಲ್ಕು ಕೋಟು, ಹೊಳೆಯುವ ಕಪ್ಪು ಬೂಟು. ಹಳೇ ವಿದ್ಯಾರ್ಥಿಗಳು ಕೊಟ್ಟದ್ದು, ನಾನು ನೆಂಟರ ಮನೆಯಿಂದ ಹಕ್ಕಿನಿಂದ ಎತ್ತಿಕೊಂಡು ಬಂದದ್ದು. ಸಂದರ್ಶನ ಇದ್ದವರು ಹಾಕಿಕೊಂಡು ಹೋಗುವುದು, ಒಗೆದು ಇಸ್ತ್ರಿ ಮಾಡಿ ವಾಪಸ್ ಇಡುವುದು.

ಅರ್ಜಿ ಶುಲ್ಕ, ಮಕ್ಕಳ ಬಸ್ ಚಾರ್ಜು, ಜೆರಾಕ್ಸು, ಶನಿವಾರ ಸ್ಕೂಲು ತೆರೆದಿಡುವ ಕಾವಲುಗಾರನ ಕೂಲಿ, ಚಹಾ, ಬನ್ನು, ಎಲ್ಲ ಒಂದು ಟ್ರಸ್ಟಿನ ಅನುದಾನದಿಂದ ನಡೆಯುತ್ತಿತ್ತು. ಆ ವರ್ಷಕ್ಕೆ ಅದು ಮುಗಿಯುವುದರಲ್ಲಿತ್ತು. ಮುಂದುವರಿಸಬೇಕೋ ಬೇಡವೋ ಅಂತ ಅವರು ಬಂದು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇವೆ ಅಂದಿದ್ದರು. ಅನುದಾನ ಇಲ್ಲದಿದ್ದರೆ ಶನಿವಾರ ಬಾಗಿಲಿಗೆ ಬೀಗ ಅಂತ ಹೆಡ್ಮಾಸ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅನುದಾನ ಹೋದರೆ ಎಲ್ಲ ಮಕ್ಕಳಿಗೂ ನಷ್ಟವೇ, ಆದರೆ ನನಗೆ ಹೆಚ್ಚು ಚಿಂತೆ ಇದ್ದದ್ದು ಪಿಟೀಲು ಅನ್ನುವ ಹುಡುಗಿಯದು. ಅವಳ ಹೆಸರು ಬೇರೆ ಇದೆ, ಆದರೆ ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವವರೆಗೂ ಕುಯ್ಯುತ್ತಲೇ ಇರುತ್ತಾಳೆ ಅಂತ ಮೇಷ್ಟ್ರು ಇಟ್ಟ ಹೆಸರೇ ಉಳಿದುಬಿಟ್ಟಿತು. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡಬೇಕಾಗಿದ್ದವಳು. ಅವಳಪ್ಪ ಡಿಪೋದಲ್ಲಿ ಬಸ್ಸು ತೊಳೆಯುತ್ತಾರೆ, ಅಮ್ಮ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್. ಮಗಳಿಗೂ ಅಮ್ಮನ ಪಕ್ಕದಲ್ಲೇ ಒಂದು ಜಾಗ ಮಾತಾಡಿ ಇಟ್ಟಿದ್ದರು. ನಾನು ಕೇಳಿ, ಬೇಡಿ, ಜಗಳ ಮಾಡಿದ ಮೇಲೆ ಅಪ್ಪ ಒಂದು ಮಾತು ಕೊಟ್ಟರು.

"ಓದೋದು ಬೇಡ ಅಂತಲ್ಲ ಮೇಡಂ. ಕಾಲೇಜಿಗೆ ಬರೋರೆಲ್ಲ ದೊಡ್ಡ ಮನೆ ಮಕ್ಕಳು. ಇವಳು ಬಾಗಿಲ ಹತ್ರ ಹೋದ್ರೆ ಸಾಕು, ಇವಳು ಎಲ್ಲಿಯವಳು ಅಂತ ಒಂದೇ ನೋಟಕ್ಕೆ ಕಂಡುಹಿಡೀತಾರೆ. ನನ್ನ ಮಗಳು ನಾಲ್ಕು ಜನರ ಮಧ್ಯೆ ನಗೆಪಾಟಲಾಗೋದು ನನ್ನ ಕೈಲಿ ನೋಡಕ್ಕಾಗಲ್ಲ. ನಿಮ್ಮ ಶನಿವಾರದ ಕ್ಲಾಸು ಇನ್ನೊಂದು ವರ್ಷ ಇದ್ರೆ, ನೀವು ಕೈ ಹಿಡಿದು ದಾಟಿಸ್ತೀರಿ ಅಂದ್ರೆ, ಸರಿ. ಇಲ್ಲ ಅಂದ್ರೆ ಬ್ರೆಡ್ ಕಾರ್ಖಾನೆ."

ನಾನು ವಾದ ಮಾಡಲಿಲ್ಲ, ಯಾಕೆಂದರೆ ಅವರ ಹೆದರಿಕೆ ಸುಳ್ಳು ಅಂತ ಹೇಳುವ ಧೈರ್ಯ ನನಗಿರಲಿಲ್ಲ.

ಸರಿ, ಆ ಶನಿವಾರ ಬಂತು. ಟ್ರಸ್ಟಿನವರು ಬರುತ್ತಾರೆ ಅಂತ ಮಕ್ಕಳಿಗೆ ಹೇಳಿ ಗಾಬರಿ ಮಾಡುವುದು ಬೇಡ, ಎಂದಿನಂತೆ ಇರಲಿ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. "ಇವತ್ತು ಇಬ್ಬರು ಹೊಸಬರು ಬರ್ತಾರೆ, ಗಲಾಟೆ ಮಾಡ್ಬೇಡಿ" ಅಂತಷ್ಟೇ ಹೇಳಿ ನಾನು ಗೇಟಿನ ಹತ್ತಿರ ಹೋದೆ. ಅಲ್ಲೇ ಎಡವಟ್ಟಾಗಿದ್ದು.

ಹೊಸಬರು ಅಂದರೆ ನಮ್ಮ ಮಕ್ಕಳಿಗೆ ಅರ್ಥ ಒಂದೇ. ನಾನು ಅತಿಥಿಗಳನ್ನು ಕರೆದುಕೊಂಡು ಒಳಗೆ ಬರುವಷ್ಟರಲ್ಲಿ ಬೀರು ಖಾಲಿ! ಬಿಳಿ ಅಂಗಿಗಳೆಲ್ಲ ಮೈಮೇಲೆ. ಬೂಟು ಸಿಗದವರು ಚಪ್ಪಲಿ ಕಾಲನ್ನು ಮೇಜಿನ ಕೆಳಗೆ ಸೇರಿಸಿಕೊಂಡಿದ್ದರು. ಪಿಟೀಲು ನೀಲಿ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೋಟು ಅವಳಿಗೆ ದೊಡ್ಡದು, ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿ ಮಾಡಿದ್ದರು. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ್ದು ಅನ್ನಬೇಕು, ಹಾಗಿತ್ತು.

ಬಂದವರು ಟ್ರಸ್ಟಿನ ಅಧ್ಯಕ್ಷೆ, ಜೊತೆಗೆ ಒಬ್ಬ ಯುವ ಸಂಯೋಜಕ. ಅಧ್ಯಕ್ಷೆ ನಮ್ಮತ್ತೆಯ ವಯಸ್ಸಿನವರು, ಮೃದು ಮಾತು, ಒಳ್ಳೆಯ ಹೆಂಗಸು. ಒಳ್ಳೆಯವರನ್ನು ಒಳ್ಳೆಯವರು ಅಂತಲೇ ಹೇಳಬೇಕು. ನಡುವೆ ಬಾಯಿ ಹಾಕಬೇಡಿ ಅಂತ ಮೇಷ್ಟ್ರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರಿಂದ ನಾನು ಮೂಲೆಯ ಸ್ಟೂಲಿನ ಮೇಲೆ ಕೂತೆ. ಅಧ್ಯಕ್ಷೆ ಕೌಂಟರಿನ ಆಟ ನೋಡಿದರು, ನಕ್ಕರು. ಆಮೇಲೆ ಪಿಟೀಲಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಮನೇಲಿ ತುಂಬಾ ಕಷ್ಟ ಇದೆಯೇನಮ್ಮ?"

"ಕಷ್ಟ ಎಲ್ಲರ ಮನೇಲೂ ಇರುತ್ತೆ ಮೇಡಂ," ಅಂದಳು ಪಿಟೀಲು. "ನಮ್ಮ ಬೀದಿ ಚಿಕ್ಕ ಮಕ್ಕಳಿಗೆ ನಾನು ಸಂಜೆ ಲೆಕ್ಕ ಹೇಳಿಕೊಡ್ತೀನಿ. ಅದರ ಬಗ್ಗೆ ಹೇಳಲಾ?"

"ಹೇಳು ಹೇಳು. ಅಪ್ಪ ಏನು ಮಾಡ್ತಾರೆ?"

"ಬಸ್ ಡಿಪೋದಲ್ಲಿದ್ದಾರೆ. ಬೆಳಗಿನ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡೋದು ಅವರ ಕೈಲಿದೆ."

ಒಂದು ಸುಳ್ಳಿಲ್ಲ ಅದರಲ್ಲಿ. ತೊಳೆಯದ ಬಸ್ಸನ್ನು ಗೇಟಿನಿಂದ ಆಚೆ ಬಿಡುವುದಿಲ್ಲವಲ್ಲ. ಅಧ್ಯಕ್ಷೆ ಹುಬ್ಬೇರಿಸಿ, "ಓ, ಹೌದಾ" ಅಂದರು. ಹುಡುಗಿ ಚಿಕ್ಕ ಮಕ್ಕಳಿಗೆ ಭಿನ್ನರಾಶಿ ಹೇಗೆ ಕಲಿಸುತ್ತಾಳೆ ಅಂತ ವಿವರಿಸಿದಳು, ಯಾವ ಕಾಲೇಜು ಯಾಕೆ ಅಂತ ಹೇಳಿದಳು, ಕೊನೆಗೆ, "ನಮ್ಮ ಬಗ್ಗೆ ಇನ್ನೇನಾದ್ರೂ ತಿಳ್ಕೋಬೇಕಾ ಮೇಡಂ?" ಅಂತ ಅವರನ್ನೇ ಕೇಳಿದಳು. ಮೇಷ್ಟ್ರು ಕೌಂಟರಿನ ಹಿಂದೆ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುವ ನೆಪ ಮಾಡಿದರು. ನನಗೆ ಹೆಮ್ಮೆಯಿಂದ ಎದೆ ಬಿರಿಯುವುದೊಂದು ಬಾಕಿ. ಗೆದ್ದೆವು ಅಂದುಕೊಂಡು ಅವತ್ತು ಮಕ್ಕಳಿಗೆ ಎರಡೆರಡು ಬನ್ನು ಕೊಟ್ಟೆ.

ಸೋಮವಾರ ಸಂಯೋಜಕನ ಫೋನು ಬಂತು. ಪಾಪ, ಹೇಳಲಾರದೆ ಹೇಳಿದ.

"ಅಧ್ಯಕ್ಷರಿಗೆ ಕಾರ್ಯಕ್ರಮ ತುಂಬಾ ಹಿಡಿಸ್ತು ಮೇಡಂ. ಆದರೆ ಆ ಮಕ್ಕಳು ಬಡವರ ಮಕ್ಕಳ ಹಾಗೆ ಕಾಣಲೇ ಇಲ್ಲ ಅಂದ್ರು. ನಮ್ಮ ದುಡ್ಡು ನಿಜವಾಗಿ ಬೇಕಾದವರಿಗೆ ಹೋಗ್ಲಿ ಅಂತ ಅವರ ಅಭಿಪ್ರಾಯ."

ನಾನು ಬೀರುವಿನ ಕಥೆ ಹೇಳಿದೆ, ಪಿನ್ನಿನ ಕಥೆ ಹೇಳಿದೆ, ದನಿ ಏರಿಸಿಯೂ ಹೇಳಿದೆ. ಆತ ಸಮಾಧಾನವಾಗಿ ಕೇಳಿಸಿಕೊಂಡ.

"ನನಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಗುರುವಾರ ಸಮಿತಿ ಸೇರುತ್ತೆ, ಅವರ ಮುಂದೆ ಇಡಕ್ಕೆ ನನ್ನ ಹತ್ರ ಏನಾದ್ರೂ ಇರ್ಬೇಕಲ್ಲ. ಮನೆಯಲ್ಲಿ ತೆಗೆದ ಒಂದು ಫೋಟೋ ಕಳ್ಸಿ. ಆ ನೀಲಿ ಕೋಟಿನ ಹುಡುಗೀದೇ ಆದ್ರೆ ಸಾಕು. ಸ್ವಲ್ಪ... ಮನೆ ಪರಿಸ್ಥಿತಿ ಗೊತ್ತಾಗೋ ಹಾಗೆ ಇರ್ಲಿ."

ಫೋನಿಟ್ಟು ಸ್ಟಾಫ್ ರೂಮಿಗೆ ನುಗ್ಗಿದೆ. ಮೇಷ್ಟ್ರು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಕೂಗಾಡಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಹರಿದ ಬಟ್ಟೆ ಹಾಕಿಸಿ ಅಳುವುದನ್ನು ಕಲಿಸಬೇಕಾಗಿತ್ತೇನು ನಾವು, ಅನ್ನುವುದು ಅದರಲ್ಲಿ ಸೌಮ್ಯವಾದದ್ದು. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ನ್ಯಾಯ ನಿಮ್ಮ ಕಡೆಗೇ ಇದೆ ಮೇಡಂ. ಆದ್ರೆ ಬೀಗ ಬಿದ್ರೆ ನಿಮ್ಮ ನ್ಯಾಯ ಇಟ್ಕೊಂಡು ಆ ಮಕ್ಕಳು ಏನು ಮಾಡ್ತಾರೆ? ಒಂದು ಫೋಟೋ ತಾನೇ. ಹೋಗಿ ತಕ್ಕೊಂಡು ಬನ್ನಿ."

ಮಾರನೇ ದಿನ ಸಂಜೆ ಪಿಟೀಲಿನ ಮನೆಗೆ ಹೊರಟೆ.

ಡಿಪೋದ ಹಿಂಬದಿಯ ಬೀದಿ, ಕಟ್ಟಡದ ಹೊರಗಿನಿಂದ ಹತ್ತುವ ಕಬ್ಬಿಣದ ಮೆಟ್ಟಿಲು, ಮೊದಲ ಮಹಡಿಯಲ್ಲಿ ಒಂದೇ ಕೋಣೆ. ನಡುವೆ ಪರದೆ ಕಟ್ಟಿ ಎರಡು ಮಾಡಿಕೊಂಡಿದ್ದರು. ಈಚೆಗೆ ಒಂದು ಮಂಚ, ಗೋಡೆಗೆ ಮಡಚುವ ಮೇಜು, ಅದರ ಮೇಲೆ ಪಿಟೀಲಿನ ಪುಸ್ತಕಗಳು ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದವು. ಮೇಲಿನ ಮನೆಯ ನಲ್ಲಿ ಸೋರಿ ಛಾವಣಿಯ ಒಂದು ಮೂಲೆ ಕಪ್ಪಿಟ್ಟಿತ್ತು. ಕೆಳಗೆ ಬಕೆಟ್ಟಿತ್ತು. ಅಪ್ಪ ಮಂಚದ ಮೇಲೆ ಕೂತು, ಕೆಲಸಕ್ಕೆ ಹಾಕುವ ರಬ್ಬರ್ ಬೂಟಿನ ತೂತಿಗೆ ತೇಪೆ ಅಂಟಿಸುತ್ತಿದ್ದರು. ಅಮ್ಮ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದರು.

"ಟ್ರಸ್ಟಿನವರಿಗೆ ಒಂದು ಫೋಟೋ ಬೇಕಂತೆ ತಂಗಿ, ನಿಮ್ಮ ಮಗಳದು," ಅಂದೆ.

ಅಷ್ಟು ಅಂದದ್ದೇ ತಡ, ಆ ತಾಯಿಯ ಸಡಗರ ನೋಡಬೇಕಿತ್ತು! ಮಂಚಕ್ಕೆ ಹೊಸ ಹೊದಿಕೆ ಬಂತು, ತಂತಿಯ ಮೇಲಿನ ಬಟ್ಟೆ ಮಾಯ ಆಯಿತು, ಮಗಳ ತಲೆ ಎರಡನೇ ಸಲ ಬಾಚಿದ್ದಾಯಿತು. "ಅಯ್ಯೋ, ಮುಂಚೆ ಹೇಳಿದ್ರೆ ಗೋಡೆನಾದ್ರೂ ಒರೆಸ್ತಿದ್ದೆ ಮೇಡಂ" ಅಂತ ಬಕೆಟ್ಟನ್ನು ಎತ್ತಿಕೊಂಡು ಪರದೆಯ ಹಿಂದೆ ಹೊರಟರು. ಸಂಯೋಜಕನಿಗೆ ಬೇಕಾಗಿದ್ದದ್ದು ಆ ಬಕೆಟ್ಟೇ.

"ಬಕೆಟ್ ಅಲ್ಲೇ ಇರ್ಲಿ," ಅಂದುಬಿಟ್ಟೆ.

"ಫೋಟೋದಲ್ಲಿ ಬಕೆಟ್ ಯಾಕೆ ಮೇಡಂ?"

ಪಿಟೀಲು ಬಕೆಟ್ಟನ್ನು ನೋಡಿದಳು, ನನ್ನ ಕೈಯಲ್ಲಿದ್ದ ಫೋನು ನೋಡಿದಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯ ಯಾವತ್ತೂ ಬಿದ್ದಿಲ್ಲ. ಅಮ್ಮನ ಕೈಯಿಂದ ಬಕೆಟ್ ತೆಗೆದುಕೊಂಡು ಮೊದಲಿದ್ದ ಜಾಗದಲ್ಲೇ ಇಟ್ಟು ಅದರ ಪಕ್ಕ ನಿಂತಳು.

"ಬಡವರ ಹಾಗೆ ನಿಂತ್ಕೋಬೇಕಾ ಮೇಡಂ?"

ನಾನು ಫೋನಿನಲ್ಲಿ ಕ್ಯಾಮೆರಾ ತೆರೆದೆ.

"ಅದನ್ನ ನೀವು ಕಲಿಸಲೇ ಇಲ್ವಲ್ಲ. ಕೈ ಹೇಗಿಟ್ಕೋಬೇಕು? ಹೀಗಾ? ಕ್ಯಾಮೆರಾ ನೋಡ್ಬೇಕಾ, ನೆಲ ನೋಡ್ಬೇಕಾ?"

ಕೊಂಕಾಡುತ್ತಿದ್ದಾಳೆ ಅಂದುಕೊಂಡಿರಾ? ಅದಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಯಾವುದನ್ನು ಕೇಳಿದರೂ ಹೇಗೆ ಕೇಳುತ್ತಾಳೋ ಹಾಗೇ ಕೇಳಿದಳು, ನಿಜವಾಗಿ ತಿಳಿದುಕೊಳ್ಳಬೇಕು ಅಂತ. ಭುಜ ಸ್ವಲ್ಪ ಮುಂದಕ್ಕೆ ಬಾಗಿಸಿ, ಕೈ ಜೋಲು ಬಿಟ್ಟು, ಸರಿಯಾಯಿತಾ ಅಂತ ನನ್ನ ಮುಖ ನೋಡಿದಳು. ನನಗೆ ಅಷ್ಟು ನಾಚಿಕೆ ನನ್ನ ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ.

"ನೆಟ್ಟಗೆ ನಿಂತ್ಕೊಳ್ಳೇ!" ಅಂತ ಗದರಿದೆ. ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಮುಂದಿನ ವರ್ಷಕ್ಕೆ ಅನುದಾನ ಬರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬರುವುದಿಲ್ಲ ಅಂತ ನನಗೆ ಆ ಜಿಪ್ ಎಳೆಯುವಾಗಲೇ ಗೊತ್ತಿತ್ತು.

ಅಪ್ಪ ಬೂಟನ್ನು ಮಡಿಲಲ್ಲಿಟ್ಟುಕೊಂಡು ಇಷ್ಟು ಹೊತ್ತೂ ನೋಡುತ್ತಿದ್ದರು.

"ಏನು ಮೇಡಂ ಇದು? ನನಗೆ ತಲೆ ಬುಡ ತಿಳೀತಿಲ್ಲ. ಬಿಡಿಸಿ ಹೇಳಿ."

ಇನ್ನು ಮುಚ್ಚಿಟ್ಟು ಫಲ ಏನು? ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಟ್ರಸ್ಟಿನವರು ಬಂದದ್ದು, ಬೀರು ಖಾಲಿಯಾದದ್ದು, ಅಧ್ಯಕ್ಷೆ ಇವಳನ್ನು ಮಾತಾಡಿಸಿದ್ದು, ಫೋನು ಬಂದದ್ದು. ಅವರ ಕಣ್ಣು ತಪ್ಪಿಸಿಕೊಂಡೇ ಹೇಳಿದೆ. ಅವರು ಮೊದಲು ಕೊಟ್ಟ ಮಾತು ನನ್ನ ತಲೆಯಲ್ಲಿ ಕೂತಿತ್ತು: ಕ್ಲಾಸು ಇದ್ದರೆ ಕಾಲೇಜು, ಇಲ್ಲದಿದ್ದರೆ ಬ್ರೆಡ್ ಕಾರ್ಖಾನೆ. ಪಿಟೀಲಿಗೂ ಅದೇ ನೆನಪು ಬಂದಿರಬೇಕು. ಮಡಚುವ ಮೇಜಿನ ಅಂಚು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಾ ನಿಂತಿದ್ದಳು. ಬಾಯಿಂದ ಒಂದು ಪ್ರಶ್ನೆಯಿಲ್ಲ.

"ಕ್ಲಾಸು ನಿಂತು ಹೋಗುತ್ತೆ ಅನ್ಸುತ್ತೆ ಅಣ್ಣ," ಅಂದೆ. "ನಾನು ಕೊಟ್ಟ ಭರವಸೆ ಉಳಿಸ್ಕೊಳ್ಳೋಕಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

"ಅದಿರ್ಲಿ," ಅಂದರು ಅವರು. "ಅದಕ್ಕೆ ಮುಂಚೆ ಏನೋ ಅಂದ್ರಲ್ಲ. ಇವಳನ್ನ ನೋಡಿ ಅವರು ಏನಂದ್ರು?"

"ಬಡವರ ಮಕ್ಕಳ ಹಾಗೆ ಕಾಣಲೇ ಇಲ್ಲ ಅಂದ್ರಂತೆ."

"ಯಾರು ಅಂದಿದ್ದು? ಆ ಫೋನ್ ಮಾಡಿದ ಹುಡುಗನಾ?"

"ಅಲ್ಲ, ಅಧ್ಯಕ್ಷೆನೇ."

"ಅವರು ದೊಡ್ಡ ಮನೆಯವರಾ?"

"ತುಂಬಾ ದೊಡ್ಡ ಮನೆಯವರು."

"ದೂರದಿಂದ ನೋಡಿದ್ರೇನೋ."

"ಏನು ದೂರ! ಇದೋ, ನಾನು ನೀವು ಕೂತಿರೋ ಹಾಗೆ ಎದುರು ಬದುರು ಕೂತಿದ್ರು. ಬೇಕಾದಷ್ಟು ಹೊತ್ತು ಮಾತಾಡಿಸಿದ್ರು. ನಿಮ್ಮ ಕೆಲಸ ಏನು ಅಂತಾನೂ ಕೇಳಿದ್ರು."

"ಆದ್ರೂ ಇವಳು ಎಲ್ಲಿಯವಳು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ."

ಅವರು ಬೂಟನ್ನು ಮೆಲ್ಲಗೆ ನೆಲಕ್ಕಿಟ್ಟರು. ಬೆರಳಿಗೆ ಅಂಟಿದ್ದ ಗೋಂದನ್ನು ಉಜ್ಜಿಕೊಂಡರು. ಮಗಳ ಕಡೆ ನೋಡಿದರು, ಅಪರೂಪಕ್ಕೆ ಮನೆಗೆ ಬಂದವರನ್ನು ನೋಡುವ ಹಾಗೆ ತಲೆಯಿಂದ ಕಾಲಿನವರೆಗೂ ನೋಡಿದರು.

"ಹಾಗಾದ್ರೆ ಹೋಗ್ಲಿ ಮೇಡಂ," ಅಂದರು. "ಕಾಲೇಜಿಗೆ ಹೋಗ್ಲಿ. ಕ್ಲಾಸು ಇದ್ರೂ ಹೋಗ್ಲಿ, ಇಲ್ದಿದ್ರೂ ಹೋಗ್ಲಿ. ಕಾರ್ಖಾನೆಯವರಿಗೆ ನಾನೇ ಹೇಳ್ತೀನಿ, ನಮ್ಮ ಹುಡುಗಿ ಬರಲ್ಲ ಅಂತ."

ಪಿಟೀಲು ಮೇಜಿನ ಅಂಚು ಬಿಟ್ಟಳು. ಅವಳಮ್ಮ ಪರದೆಯ ಆಚೆ ಚಹಾಕ್ಕೆ ನೀರಿಟ್ಟು ಲೋಟ ತೊಳೆಯುತ್ತಿದ್ದರು. ಆ ಸದ್ದಿನಲ್ಲಿ ಅವರಿಗೆ ಈಚೆಗಿನ ಮಾತು ಕೇಳಿಸಿರಲಿಲ್ಲ.

"ಏ ಇವಳೇ, ಲೋಟ ಆಮೇಲೆ ತೊಳಿ. ಇಲ್ಲಿ ಬಾ ಸ್ವಲ್ಪ," ಅಂತ ಅಪ್ಪ ಕೂಗಿದರು. ಆಕೆ ಕೈ ಒರೆಸಿಕೊಳ್ಳುತ್ತಾ, ಏನಾಯಿತೋ ಅಂತ ಗಾಬರಿಯಲ್ಲಿ ಬಂದು ನಿಂತರು. ಅಪ್ಪ ನನ್ನ ಕಡೆ ತಿರುಗಿದರು.

"ಮೇಡಂ, ಆ ದೊಡ್ಡ ಮನೆಯಮ್ಮ ಅಂದಿದ್ದು ಇನ್ನೊಂದು ಸಲ ಹೇಳಿ. ಇವಳಿಗೂ ಕೇಳಿಸ್ಲಿ."